ಮಾತ್ರೆ ಎಷ್ಟೆಂದು ಹೇಳದ ಟೆಲಿಪ್ರಿಂಟರಿಗೆ

ಮಾನ್ಯ ಹಡಗಿನ ಟೆಲಿಪ್ರಿಂಟರ್ ಅವರೇ,

ದಡದ ರೇಡಿಯೋ ಕೇಂದ್ರದ ಆಪರೇಟರನಾದ ನಾನು ತಮ್ಮ ಕಾಗದದ ಸುರುಳಿಗೆ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಮ್ಮ ಪ್ರತಾಪದ ಅರ್ಧ ಕಥೆಯನ್ನು ನನಗೆ ಮೊದಲು ಹೇಳಿದವರು ತಮ್ಮದೇ ಹಡಗಿನ ಅಡುಗೆಯವರು, ಹೋದ ಗುರುವಾರ, ನಮ್ಮ ಬೆಂಚಿನ ಮೇಲೆ ಚಹಾ ಕುಡಿಯುತ್ತ. ಇನ್ನರ್ಧ ನಾನೇ ಅನುಭವಿಸಿದ್ದು.

ತಮ್ಮ ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವರು ನನ್ನ ಭಾವ, ಅಕ್ಕನ ಗಂಡ. ಮಟಮಟ ಮಧ್ಯಾಹ್ನ ಅವರಿಗೆ ಎದೆ ಹಿಡಿದುಕೊಂಡಿತು. ಹಡಗಿನ ಔಷಧಿ ಪೆಟ್ಟಿಗೆಯಲ್ಲಿ ಮಾತ್ರೆಯಿತ್ತು. ಎಷ್ಟು ಕೊಡಬೇಕೆಂದು ದಡದ ಡಾಕ್ಟರಮ್ಮ ಬರೆದುಕೊಟ್ಟರು. ನಾನು ಮೂರು ಮೂರು ಅಕ್ಷರವಾಗಿ ಕಳಿಸತೊಡಗಿದೆ. ತಾವೋ, ಪ್ರತಿ ಅಕ್ಷರದ ಏಳು ಸಂಕೇತಗಳನ್ನೂ ಎಣಿಸಿ, ರೇಡಿಯೋದಲ್ಲಿ ಸಿಡಿಲು ಎಬ್ಬಿಸುವ ಗದ್ದಲಕ್ಕೆ ಒಂದು ಹೆಚ್ಚುಕಡಿಮೆಯಾದರೂ ‘ಮತ್ತೆ ಹೇಳು’ ಎನ್ನುವ ಶಿಸ್ತಿನವರು. ಒಂದೇ ಮೂರಕ್ಷರವನ್ನು ಇಪ್ಪತ್ತೊಂಬತ್ತು ಸಲ ಹೇಳಿಸಿಕೊಂಡ ತಮ್ಮ ಶ್ರದ್ಧೆಗೆ ಸಾಟಿಯುಂಟೇ! ಸುದ್ದಿ ತಿಳಿದು ಕೇಂದ್ರಕ್ಕೆ ಓಡಿಬಂದು ನನ್ನ ಪಕ್ಕದಲ್ಲಿ ಕುಳಿತಿದ್ದ ಅಕ್ಕ, “ಅಲ್ವೋ, ನಮ್ಮತ್ತೆಗೂ ಮೂರನೇ ಸಲಕ್ಕೆ ಕಿವಿ ಕೇಳ್ಸುತ್ತೆ, ಇದಕ್ಕೇನಾಗಿದೆ ದೊಡ್ಡ ರೋಗ?” ಎಂದಳು.

ಕೊನೆಗೆ ಸಂಪರ್ಕವೇ ಕಡಿದುಹೋಗಿ, ನಾನು ತಮ್ಮ ಇನ್ನೊಂದು ಪದ್ಧತಿಗೆ ಬಂದೆ. ಅದರಲ್ಲಿ ಪ್ರತಿ ಅಕ್ಷರವೂ ಎರಡು ಸಲ ಬರುತ್ತದೆ, ತಾವು ಏನೂ ಕೇಳುವುದಿಲ್ಲ. ಎರಡೂ ಸಲ ಕೆಟ್ಟರೆ ಆ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಒತ್ತುತ್ತೀರಿ. ‘ಕೂಡಲೇ’ ಬಂತು, ‘ಮಾತ್ರೆ’ ಬಂತು, ಡಾಕ್ಟರಮ್ಮನ ಹೆಸರೂ ಬಂತು. ಅಂಕಿಯ ಜಾಗದಲ್ಲಿ ಮಾತ್ರ ನಕ್ಷತ್ರ ಮಿನುಗಿತು. ನಕ್ಷತ್ರದಷ್ಟು ಮಾತ್ರೆ ಕೊಡಲು ಯಾವ ಕ್ಯಾಪ್ಟನ್ನಿನ ಕೈ ಏಳುತ್ತದೆ? ಕ್ಯಾಪ್ಟನ್ ತಿರುಗಿ ಕೇಳಿದರು. ಡಾಕ್ಟರಮ್ಮ ಈ ಸಲ “ಎರಡು. ಮೂರಲ್ಲ. ಮನುಷ್ಯನಿಗೆ ಕಣ್ಣು ಎಷ್ಟೋ ಅಷ್ಟು” ಎಂದು ಬರೆಸಿದರು. ತಾವು ಅದರ ಮೇಲೂ ಏಳು ನಕ್ಷತ್ರ ಚೆಲ್ಲಿದಿರಿ, ಆದರೂ ಉಳಿದದ್ದನ್ನು ಓದಿದ ಅಡುಗೆಯವರು ಲೆಕ್ಕ ಹಿಡಿದು ಎರಡು ಮಾತ್ರೆ ಭಾವನ ಬಾಯಿಗೆ ಹಾಕಿದರು. ಭಾವ ಬದುಕಿದರು.

ಆದಕಾರಣ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ನಕ್ಷತ್ರಗಳನ್ನು ಕುಶಲ ಸಮಾಚಾರದ ಮೇಲೆ ಸುರಿದು ಅಂಕಿಗಳನ್ನು ಬಿಟ್ಟುಕೊಡಬೇಕು, ಸಿಡಿಲಿಗೆ ವಾರ ಮುಂಚೆಯೇ ನೋಟೀಸು ಕೊಡಬೇಕು, ಅಕ್ಕ ಪಕ್ಕದಲ್ಲಿದ್ದಾಗ ಮೂರನೇ ಸಲಕ್ಕೇ ಒಪ್ಪಿಕೊಳ್ಳಬೇಕು.

ಇಪ್ಪತ್ತೊಂಬತ್ತು ಸಲವೂ ಅದನ್ನೇ ಹೇಳಿದ,
ತಮ್ಮ ವಿಶ್ವಾಸಿ,
ದಡದ ಆಪರೇಟರ್

ತಾ.ಕ.: ಅಡುಗೆಯವರು ತಾವು ನಕ್ಷತ್ರ ಒತ್ತಿದ ಆ ಕಾಗದವನ್ನು ತಂದು ತೋರಿಸಿ ಕಥೆ ಹೇಳುವಾಗ ನಮ್ಮ ಮೇಲಧಿಕಾರಿಗಳೂ ಗುಮಾಸ್ತರೂ ಕೇಳುತ್ತ ನಿಂತಿದ್ದರು. ಮರುದಿನ ಬೆಳಿಗ್ಗೆ ಅಧಿಕಾರಿಗಳು, ನಕ್ಷತ್ರಗಳು ಕಡತಕ್ಕೆ ಶೋಭೆಯಲ್ಲವಾದ್ದರಿಂದ ಅವನ್ನೆಲ್ಲ ಅಂದಾಜಿನಿಂದ ತುಂಬತಕ್ಕದ್ದೆಂದು ಆದೇಶ ಹೊರಡಿಸಿದರು. ಗುಮಾಸ್ತರು ಒಂದನ್ನೂ ಬಿಡದೆ ತುಂಬಿದರು. ಅಂಕಿಯ ಜಾಗದ ನಕ್ಷತ್ರ ತೆಗೆದು ಭಾವನಿಗೆ ಎಂಟು ಮಾತ್ರೆ ಬರೆದಿದ್ದಾರೆ. ತಮ್ಮ ನಕ್ಷತ್ರವೇ ಎಷ್ಟೋ ವಾಸಿಯೆಂದು ಮನಗಂಡು, ನನ್ನ ವಿನಂತಿಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.