ಶಾಲೆ ಬಿಟ್ಟವರು ಬೇಕಾಗಿದ್ದಾರೆ

ಮೇಷ್ಟ್ರ ಗ್ರಹಚಾರ ಕೆಟ್ಟಿದ್ದು ಅವರ ಕೊನೆಯ ವಿದ್ಯಾರ್ಥಿನಿ ಉದ್ಧಾರವಾದ ದಿನ.

"ಸಾರ್, ನಾನು ಮತ್ತೆ ಸ್ಕೂಲಿಗೆ ಸೇರ್ಕೊಂಡೆ! ಎಲ್ಲಾ ನಿಮ್ಮಿಂದಾನೇ!" ಎಂದು ಆ ಹುಡುಗಿ ಕುಣಿಯುತ್ತಾ ಮೆಟ್ಟಿಲಿಳಿದು ಹೋದಳು. ಅಲ್ಲಿಗೆ, ಅರ್ಧಕ್ಕೇ ಶಾಲೆ ಬಿಟ್ಟವರಿಗೆ ಪಾಠ ಹೇಳುವ ಆ ಕೇಂದ್ರ, ಅಂದರೆ ಕ್ಷೌರದಂಗಡಿಯ ಮೇಲಿನ ಒಂದೇ ಕೋಣೆ, ಪೂರ್ತಿ ಖಾಲಿ. ಉಳಿದವರೆಲ್ಲ ಗ್ಯಾರೇಜು, ಬೇಕರಿ ಅಂತ ಮೊದಲೇ ಕೆಲಸ ಹಿಡಿದಿದ್ದರು. ಮೇಷ್ಟ್ರು ಅಂಥಾ ಮೇಷ್ಟ್ರು. ಅವರ ಕೈಗೆ ಸಿಕ್ಕರೆ ದೀಪದ ಕಂಬವೂ ಮಗ್ಗಿ ಒಪ್ಪಿಸುತ್ತಿತ್ತು.

ಆದರೆ ಮಧ್ಯಾಹ್ನವೇ ಸರ್ಕಾರದ ತಪಾಸಣೆ. ಬೆಂಚಿನ ಮೇಲೆ ಹದಿನೆಂಟು ತುಂಬದವರು ಒಬ್ಬರಾದರೂ ಕೂತಿದ್ದರೆ ಅನುದಾನ, ಇಲ್ಲವಾದರೆ ಬಾಗಿಲಿಗೆ ಬೀಗ. "ಬೀಗ ಬಿತ್ತೋ, ನಮ್ಮ ಭಾವನ ಕೇಂದ್ರಕ್ಕೆ ಗಂಟೆ ಹೊಡೆಯೋಕೆ ಹೋಗಿ," ಎಂದು ಹೆಂಡತಿ ಬೆಳಿಗ್ಗೆ ಮಗಳಿಗೆ ಜಡೆ ಬಿಗಿದು ಶಾಲೆಗೆ ಅಟ್ಟುವಾಗಲೇ ಹೇಳಿಬಿಟ್ಟಿದ್ದಳು. ಆ ಭಾವ, ಅಂದರೆ ಮೇಷ್ಟ್ರ ಷಡ್ಡಕ, ಪಕ್ಕದ ಬೀದಿಯಲ್ಲಿ ಇಂಥದ್ದೇ ಕೇಂದ್ರ ಇಟ್ಟಿದ್ದ. ಅವನೆದುರು ಗಂಟೆ ಹೊಡೆಯುವ ಬದಲು ಆ ಗಂಟೆಯನ್ನೇ ಕೊರಳಿಗೆ ಕಟ್ಟಿಕೊಂಡು ಬಾವಿಗೆ ಹಾರುವುದು ಮೇಲು.

ಕೆಳಗಿನ ಕ್ಷೌರಿಕ ಕತ್ತರಿ ಹಿಡಿದೇ ಮೇಲೆ ಬಂದ. "ತಪ್ಪು ನಿಮ್ದೇ ಮೇಷ್ಟ್ರೇ. ಅಷ್ಟು ಚೆನ್ನಾಗಿ ಯಾರಾದ್ರೂ ಕಲಿಸ್ತಾರಾ? ಮತ್ತೆ ಬೆಳೀದೇ ಇರೋ ಹಾಗೆ ನಾನು ಕೂದ್ಲು ಕತ್ತರಿಸಿದ್ರೆ ನನ್ನ ಅಂಗಡಿ ಗತಿ ಏನು?"

"ಈಗೇನ್ಮಾಡ್ಲಿ ಮಾರಾಯ?"

"ಸ್ಕೂಲ್ ಗೇಟಿಗೆ ಹೋಗಿ. ಬಿಡೋ ಮನಸ್ಸಿರೋರು ಒಬ್ರಾದ್ರೂ ಸಿಗ್ತಾರೆ. ಅಲ್ಲೀವರೆಗೆ ಬೆಂಚಲ್ಲಿ ನಾನು ಕೂತಿರ್ತೀನಿ. ನಾನೂ ಮೂರನೇ ಕ್ಲಾಸಿಗೇ ಬಿಟ್ಟೋನು!"

ಮೇಷ್ಟ್ರು ಗೇಟಿನ ಪಕ್ಕದ ಕಲ್ಲು ಹತ್ತಿ ಬಾಯಿ ತೆಗೆದರು ನೋಡಿ! "ಮಕ್ಕಳೇ, ಬಿಟ್ಬಿಡ್ರೋ! ನಮ್ಮಲ್ಲಿ ಯೂನಿಫಾರ್ಮ್ ಇಲ್ಲ, ಹೋಂವರ್ಕ್ ಇಲ್ಲ, ತಲೆ ಮೇಲೆ ಫ್ಯಾನು!" ಆ ಭಾಷಣ ಕೇಳಿ ಕಾಂಪೌಂಡಿನ ಇಟ್ಟಿಗೆಗಳೂ ಟಿ.ಸಿ. ಕೇಳಬೇಕಿತ್ತು. ಮಕ್ಕಳು ಮಾತ್ರ ಬಿದ್ದು ಬಿದ್ದು ನಕ್ಕವು.

"ಅಂಕಲ್, ನೀವು ಎಷ್ಟನೇ ಕ್ಲಾಸಿಗೆ ಬಿಟ್ರಿ?" ಎಂದಿತು ಒಂದು ಚೋಟುದ್ದದ ಪ್ರಾಣಿ.

ಅಷ್ಟರಲ್ಲಿ ಶಾಲೆಯ ಆಯಾ ಒದ್ದೆ ಮಾಪು ಎತ್ತಿಕೊಂಡು ನುಗ್ಗಿದಳು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಆ ದಿನ ಕುದುರೆಗಳಿಗೆ ಓಟದ ಪಾಠ ಹೇಳಿದರು.

ಏದುಸಿರು ಬಿಡುತ್ತಾ ಕೇಂದ್ರಕ್ಕೆ ಬಂದರೆ ತಪಾಸಣೆಯಮ್ಮ ಆಗಲೇ ಹಾಜರ್! ಎದುರಿಗೆ, ನರೆತ ಮೀಸೆಗೆ ಕಪ್ಪು ಬಳಿದುಕೊಂಡ ಕ್ಷೌರಿಕ ಕೈಕಟ್ಟಿ ಕೂತಿದ್ದ.

"ವಯಸ್ಸು?"

"ಹದಿನೇಳು, ಮಿಸ್."

ಅದೇ ಗಳಿಗೆಗೆ ಕರೆಂಟು ಹೋಯಿತು, ಫ್ಯಾನು ನಿಂತಿತು. ಬೆವರಿನ ಜೊತೆ ಮೀಸೆಯ ಕಪ್ಪೂ ಇಳಿದು ಗದ್ದ ಸೇರಿತು.

"ನಿಮ್ಮ ಹದಿನೇಳು ಸೋರ್ತಾ ಇದೆ, ಒರೆಸ್ಕೊಳ್ಳಿ," ಎಂದ ಆಕೆ ಮೇಷ್ಟ್ರತ್ತ ತಿರುಗಿದಳು. "ಹಾಗಾದ್ರೆ ಬೀಗ ಹಾಕ್ಸೋದೇ?"

ಮೇಷ್ಟ್ರು ಗೋಡೆಗೆ ಹಣೆ ಒತ್ತಿ ಕಣ್ಣು ಮುಚ್ಚಿದರು. ಆಗ ಮೆಟ್ಟಿಲ ಮೇಲೆ ದಡದಡ ಸದ್ದು.

"ಒಳಗೆ ಬರ್ಲಾ? ನಾನು ಈಗ್ತಾನೇ ಸ್ಕೂಲ್ ಬಿಟ್ಟೆ."

ತಪಾಸಣೆಯಮ್ಮನ ಮುಖ ಅರಳಿತು. "ಬಾ ತಾಯಿ! ಯಾಕೆ ಬಿಟ್ಟೆ?"

"ಗೇಟ್ ಹತ್ರ ಒಬ್ರು ಭಾಷಣ ಮಾಡಿದ್ರು. ಕಿಟಕಿಯಿಂದ ಕೇಳಿಸ್ತು. ಮನಸ್ಸು ಕರಗಿಹೋಯ್ತು."

ಗೆದ್ದೆ ಎಂದುಕೊಂಡು ಮೇಷ್ಟ್ರು ತಿರುಗಿದರು. ಬಾಗಿಲಲ್ಲಿ ಬೆಳಿಗ್ಗೆ ಬಿಗಿದ ಅದೇ ಜಡೆ!

"ತಂದೆ ಯಾರಮ್ಮಾ?"

"ಅಗೋ, ಗೋಡೆಗೆ ಒರಗಿದಾರಲ್ಲ, ಅವರೇ."

ತಪಾಸಣೆಯಮ್ಮ ನಿಟ್ಟುಸಿರಿಟ್ಟಳು. "ಅಯ್ಯೋ, ಮುಖ್ಯಸ್ಥರ ಸ್ವಂತ ಮಕ್ಕಳು ಲೆಕ್ಕಕ್ಕೆ ಬರಲ್ಲ ಮೇಷ್ಟ್ರೇ. ಹಾಗಂತ ಮಗೂನ ಬೀದೀಲಿ ಬಿಡೋಕಾಗುತ್ತಾ? ಪಕ್ಕದ ಬೀದಿ ಕೇಂದ್ರದೋರೂ ಒಬ್ರೂ ಇಲ್ಲ ಅಂತ ಅಳ್ತಾ ಕೂತಿದಾರೆ. ಅಲ್ಲಿಗೆ ಸೇರಿಸ್ತೀನಿ."

"ಮೇಡಂ, ಬೇಡ! ಇವಳು ನಾಳೇನೇ ಸ್ಕೂಲಿಗೆ ವಾಪಸ್..."

"ಆಗಲ್ಲಪ್ಪಾ," ಎಂದಳು ಮಗಳು. "ಹೆಡ್ ಮಿಸ್‌ಗೆ ಚೆನ್ನಾಗಿ ಬೈದು ಬಂದಿದೀನಿ. ನೀನು ಮನೇಲಿ ಅವರ ಬಗ್ಗೆ ಹೇಳೋದನ್ನೆಲ್ಲಾ ಹೇಳ್ದೆ."

ತಪಾಸಣೆಯಮ್ಮನ ಕೈ ಹಿಡಿದು ಅರ್ಧ ಮೆಟ್ಟಿಲು ಇಳಿದವಳು ತಿರುಗಿ ನಿಂತು ಕೂಗಿದಳು:

"ಬೇಜಾರ್ ಮಾಡ್ಕೋಬೇಡಪ್ಪಾ! ಅನುದಾನ ಬಂದ್ಮೇಲೆ ದೊಡ್ಡಪ್ಪನಿಗೆ ಗಂಟೆ ಹೊಡೆಯೋರು ಬೇಕೇ ಬೇಕಲ್ಲ. ನಾನು ಒಂದು ಮಾತು ಹೇಳಿರ್ತೀನಿ."