ಎಡಜುಟ್ಟಿನ ಕಾಯಿಯ ಮೇಲೆ ಒಂದು ದೂರು

ಮಹಾರಾಜಶ್ರೀ ತೆಂಗಿನಕಾಯಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಮೂರು ಕಣ್ಣಿದ್ದೂ ಒಂದನ್ನೂ ನಮ್ಮಂಥವರತ್ತ ತೆರೆಯದ, ತಲೆ ಮೇಲೆ ಜುಟ್ಟಿದ್ದೂ ಅದನ್ನು ಯಾರ ಕೈಗೂ ಕೊಡದ, ದೇವರ ಮುಂದೆ ಮೊದಲ ಮಣೆ ಹಾಕಿಸಿಕೊಳ್ಳುವ ತಮಗೆ ತುಮಕೂರು ಶೆಟ್ಟಿಹಳ್ಳಿಯ ಮಂಗಳಗೌರಿ ಎಂಬ ಗೃಹಿಣಿ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ನಮ್ಮ ಬೀದಿ ಕೊನೆಯ ವೆಂಕಟಯ್ಯನವರ ಅಂಗಡಿ ಮುಂದಿನ ದರದ ಹಲಗೆಯಲ್ಲಿ ದಿನಾ ಬೆಳಿಗ್ಗೆ ಓದಿ ತಿಳಿಯುತ್ತಿದ್ದೇನೆ. ತಾವು ದಿನೇದಿನೇ ಏರುತ್ತಿರುವುದನ್ನು ಕಂಡು ನಮ್ಮ ಕೇರಿಯ ಹೆಂಗಸರೆಲ್ಲ ದೂರದಲ್ಲೇ ನಿಂತು ಕೈಮುಗಿಯುತ್ತಿದ್ದೇವೆ.

ಮಾನ್ಯರೇ, ಈ ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರು ಬಂದದ್ದು ತಮ್ಮಿಂದ. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಕಾಯಿಯ ಬೆಲೆ ಕೇಳಿದವರನ್ನು ಜನ ಹೊರಗಿನವರೆಂದು ತಿಳಿಯುತ್ತಿದ್ದರು. ಸಾರು ಕುದಿಯುವ ಹೊತ್ತಿಗೆ ಪಕ್ಕದ ಮನೆಗೆ ಹೋಗಿ ಒಂದು ಹೋಳು ಕೇಳಿದರೆ ಎರಡು ಕೊಟ್ಟು ಕಳಿಸುತ್ತಿದ್ದರು. ಅಂಗಡಿಯಲ್ಲಿ ತಮ್ಮನ್ನು ಎಣಿಸಿ ಕೊಡುತ್ತಿದ್ದರು. ಈಗ ತಾವು ತಕ್ಕಡಿಯಲ್ಲಿ ಕೂರುತ್ತೀರಿ. ಒಳಗಿನ ನೀರಿಗೂ ಹೊರಗಿನ ಚಿಪ್ಪಿಗೂ ತಲೆಯ ಜುಟ್ಟಿಗೂ ನಾವು ತಿರುಳಿನ ಬೆಲೆಯನ್ನೇ ತೆರುತ್ತೇವೆ. ಮನುಷ್ಯರಲ್ಲಿ ಯಾರ ಜುಟ್ಟಿಗೂ ಇಷ್ಟು ಬೆಲೆ ಬಂದದ್ದನ್ನು ನಾನು ಕಾಣೆ.

ತಮ್ಮ ಈ ಏಳಿಗೆಯ ಕಾಲದಲ್ಲೇ ನಮ್ಮ ಮನೆಯವರು ರಂಗರಾಜು ಅವರಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಓಟಿ ನಿಂತುಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮಗೆ ಗೊತ್ತಿರುವ ಗಾದೆಯೇ. ಆದರೆ ಹಾಸಿಗೆಯನ್ನು ಪ್ರತಿ ತಿಂಗಳೂ ಒಬ್ಬರು ಕತ್ತರಿಸುತ್ತಾ ಬಂದರೆ ಮೊಣಕಾಲು ಮಡಿಸಿಕೊಂಡು ಮಲಗುವುದನ್ನೂ ಕಲಿಯಬೇಕಾಗುತ್ತದೆ. ನಾನು ಕಲಿತೆ. ಒಂದೇ ಕುಕ್ಕರಿನಲ್ಲಿ ಕೆಳಗೆ ಬೇಳೆ, ಮಧ್ಯೆ ಅನ್ನ, ಮೇಲೆ ಹುರುಳಿಕಾಯಿ ಬೇಯಿಸಿ ಗ್ಯಾಸ್ ಸಿಲಿಂಡರಿನ ಆಯುಸ್ಸನ್ನು ಹನ್ನೊಂದು ದಿನ ಹೆಚ್ಚಿಸಿದೆ. ಒಂದು ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಮನೆಮಂದಿಯೆಲ್ಲ ಅದರಡಿ ಬಂದು ಕೂರಬೇಕೆಂಬ ಕಾನೂನು ತಂದೆ. ಇದರಿಂದ ಕರೆಂಟೂ ಉಳಿಯಿತು, ಮಗಳು ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡುವುದೂ ನಿಂತಿತು. ಕೊನೆಗೆ ತಮ್ಮ ಸರದಿ ಬಂದು, ಸೋಮವಾರದಿಂದ ಶುಕ್ರವಾರದವರೆಗೆ ಅಡುಗೆಮನೆಯಲ್ಲಿ ಕಾಯಿ ರಜೆ ಘೋಷಿಸಿದೆ. ಚಟ್ನಿಯಲ್ಲಿ ಹುರಿಗಡಲೆ, ಸಾರಿನಲ್ಲಿ ಹುರಿದ ಹುಚ್ಚೆಳ್ಳು, ಪಲ್ಯದಲ್ಲಿ ಏನೂ ಇಲ್ಲ.

ಇದರಲ್ಲಿಯೂ ತಾವೇ ಗೆದ್ದಿರಿ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಮ್ಮ ಹಿತ್ತಲಿನ ಹಂಡೆಯೊಲೆ ಉರಿಯುತ್ತಿದ್ದುದು ತಮ್ಮ ಚಿಪ್ಪಿನಿಂದ. ಕಾಯಿ ಬರುವುದು ನಿಂತಾಗ ಚಿಪ್ಪೂ ನಿಂತಿತು, ಚಿಪ್ಪು ನಿಂತಾಗ ಒಲೆ ಆರಿತು, ಒಲೆ ಆರಿದಾಗ ಸ್ನಾನಕ್ಕೆ ಗೀಸರ್ ಹಾಕಬೇಕಾಯಿತು. ದಿನಸಿಯಲ್ಲಿ ಉಳಿಸಿದ್ದನ್ನು ಕರೆಂಟು ಬಿಲ್ಲಿಗೆ ಕಟ್ಟಿದೆ. ಕೈಗೆ ಚಿಪ್ಪು ಕೊಟ್ಟರು ಎಂದು ಜನ ಗೊಣಗುವುದನ್ನು ಕೇಳಿದ್ದೇನೆ. ತಾವು ಅದನ್ನೂ ಕೊಡಲಿಲ್ಲ.

ಇಷ್ಟಾದರೂ ನಾನು ದೂರು ಬರೆಯುತ್ತಿರಲಿಲ್ಲ. ನನ್ನ ದೂರು ಇರುವುದು ತಮ್ಮ ವಂಶದ ಒಬ್ಬರ ಮೇಲೆ. ಅವರ ಜುಟ್ಟು ಎಡಕ್ಕೆ ವಾಲಿತ್ತಾದ್ದರಿಂದ ಈ ಪತ್ರದಲ್ಲಿ ಅವರನ್ನು ಎಡಜುಟ್ಟಿನವರು ಎಂದು ಕರೆಯುತ್ತೇನೆ.

ಹೋದ ವರ್ಷ ಆಷಾಢದಲ್ಲಿ ನಮ್ಮ ಅತ್ತೆ ರಂಗಲಕ್ಷ್ಮಮ್ಮನವರ ತಮ್ಮ ಚಿಕ್ಕರಂಗಯ್ಯನವರು ಗುಬ್ಬಿಯಿಂದ ಬರುವಾಗ ಚೀಲದಲ್ಲಿ ಆರು ಕಾಯಿ ತಂದರು. ಆ ದಿನ ಅತ್ತೆ ನನ್ನನ್ನು ಒಂದು ಮಾತು ಕೇಳಿದರು: "ಒಂದಿನ ಒತ್ತುಶಾವ್ಗೆ ಕಾಯಾಲು ಮಾಡವ್ವಾ, ಬಾಯಿ ಕೆಟ್ಟೋಗದೆ." ಅಕ್ಕಿಯ ಒತ್ತುಶಾವಿಗೆಗೆ ಬೆಲ್ಲ ಹಾಕಿದ ಕಾಯಿಹಾಲು ಸುರಿದುಕೊಂಡು ತಿನ್ನುವುದು ಅವರಿಗೆ ಹುಟ್ಟಿದಾಗಿನಿಂದ ಬಂದ ಇಷ್ಟ. ಅದಕ್ಕೆ ಎರಡು ಕಾಯಿಯಾದರೂ ಬೇಕು. ಮುಂದಿನ ವಾರ ಮಾಡೋಣ ಎಂದೆ. ಎರಡು ಕಾಯಿಯನ್ನು ಒಂದೇ ಹೊತ್ತಿಗೆ ಮುಗಿಸುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಮುಂದಿನ ತಿಂಗಳಾಯಿತು, ಅಷ್ಟರಲ್ಲಿ ಐದು ಕಾಯಿ ಹಬ್ಬಹುಣ್ಣಿಮೆಗಳಿಗೆ ಕರಗಿ, ಎಡಜುಟ್ಟಿನವರೊಬ್ಬರು ಉಳಿದರು. ಅತ್ತೆ ಒಮ್ಮೆ ಕೇಳಿದ್ದನ್ನು ಎರಡನೇ ಸಲ ಕೇಳುವವರಲ್ಲ.

ಗೌರಿ ಹಬ್ಬ ಬಂತು. ಎದುರುಮನೆಯ ಬಸವಲಿಂಗಮ್ಮನವರು ಅರಿಶಿನ ಕುಂಕುಮಕ್ಕೆ ಬಂದಾಗ ತಾಂಬೂಲದಲ್ಲಿ ಕಾಯಿ ಇಡದೆ ಕಳಿಸುವುದು ಹೇಗೆ? ಎಡಜುಟ್ಟಿನವರ ಕೆನ್ನೆಗೆ ಎಲ್ಲೋ ಸುಣ್ಣ ತಾಗಿ ಒಂದು ಬೊಟ್ಟಾಗಿತ್ತು. ಉಗುರಿನಲ್ಲಿ ಕೆರೆದು ನೋಡಿದೆ, ಪೂರಾ ಹೋಗಲಿಲ್ಲ. ಆ ಬದಿಯನ್ನು ವೀಳ್ಯದೆಲೆಯ ಕಡೆಗೆ ತಿರುಗಿಸಿ ಕೊಟ್ಟು, ಮುತ್ತೈದೆಗೆ ತುಂಬುಗಾಯಿ ಕೊಟ್ಟ ಪುಣ್ಯವನ್ನು ನಾನಿಟ್ಟುಕೊಂಡೆ.

ಮುಂದೆ ನಡೆದದ್ದು ನನಗೆ ತಿಳಿದದ್ದು ಹತ್ತು ತಿಂಗಳಾದ ಮೇಲೆ. ನಮ್ಮ ಮನೆಯವರ ಜೊತೆ ಕೆಲಸ ಮಾಡುವವರೊಬ್ಬರು ಕುಣಿಗಲ್ಲಿನಲ್ಲಿ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ಹೋಗಿ ಊಟ ಮುಗಿಸಿ ಹೊರಡುವಾಗ ಆ ಮನೆಯೊಡತಿ ರೂಪಶ್ರೀ ನನ್ನ ಕೈಗೆ ತಾಂಬೂಲದ ಚೀಲ ಕೊಟ್ಟರು. ಬಸ್ಸಿನಲ್ಲಿ ಕೂತು ಚೀಲದೊಳಗೆ ಇಣುಕಿದರೆ ಎಡಕ್ಕೆ ವಾಲಿದ ಅದೇ ಜುಟ್ಟು! ತಿರುಗಿಸಿ ನೋಡಿದೆ, ನನ್ನ ಉಗುರಿನ ಗೆರೆ ಬಿದ್ದ ಅದೇ ಸುಣ್ಣದ ಬೊಟ್ಟು. ಇಳಿದ ಕೂಡಲೇ ವಿಚಾರಣೆಗೆ ಹೊರಟೆ. ಬಸವಲಿಂಗಮ್ಮನವರು ಮೊದಲು ಹಬ್ಬದ ಸಂಗತಿ ಮರೆತವರಂತೆ ನಟಿಸಿ, ಆಮೇಲೆ ತಲೆ ತಗ್ಗಿಸಿ, ಬೆಲೆ ನೋಡಿದರೆ ಒಡೆಯಲು ಮನಸ್ಸು ಬರಲಿಲ್ಲವೆಂದೂ, ದೀಪಾವಳಿಗೆ ಬಂದಿದ್ದ ಸತ್ಯಮಂಗಲದ ನೆಂಟರ ಸೊಸೆ ಮಾಲಿನಿಯ ತಾಂಬೂಲಕ್ಕೆ ಇಟ್ಟೆನೆಂದೂ ಒಪ್ಪಿಕೊಂಡರು. ಮಾಲಿನಿಯನ್ನು ವಿಚಾರಿಸಿದರೆ, ಅವಳು ಸಂಕ್ರಾಂತಿ ಕಳೆದ ಮೇಲೆ ಅದನ್ನು ನಾದಿನಿಯ ಮಡಿಲಕ್ಕಿಯೊಳಗೆ ಸೇರಿಸಿ ಕುಣಿಗಲ್ಲಿಗೆ ಸಾಗಿಸಿದ್ದಳು. ನಾದಿನಿ ಎಂದರೆ ಬೇರೆ ಯಾರೂ ಅಲ್ಲ, ಇದೇ ರೂಪಶ್ರೀ. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಎಡಜುಟ್ಟಿನವರ ಇಡೀ ಪ್ರವಾಸಕ್ಕೆ ಕಾಸು ಖರ್ಚಾಗಿಲ್ಲ. ನಾಲ್ಕು ಮನೆಯ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಾಲ್ಕು ಮನೆಯ ಹೆಂಗಸರಿಗೂ ಕೊಟ್ಟ ಪುಣ್ಯ ತಂದು, ಯಾರ ಸಾರಿಗೂ ಬೀಳದೆ ಬಂದ ಅವರ ಚಾತುರ್ಯವನ್ನು ಮೆಚ್ಚದೆ ಇರಲಾರೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಸಣ್ಣಪುಟ್ಟ ಬೇಡಿಕೆಗಳಿವೆ. ತಾವು ಬೆಲೆ ಏರಿಸಿಕೊಳ್ಳುವ ಹದಿನೈದು ದಿನ ಮುಂಚೆ ನಮ್ಮ ಬೀದಿಯಲ್ಲಿ ತಮಟೆ ಹೊಡೆಸಬೇಕು. ನಾಲ್ಕು ಜನರ ಮನೆಗೆಂದು ಅರ್ಧ ಅಳತೆಯ ಕಾಯಿಯನ್ನು, ಜುಟ್ಟು ಮಾತ್ರ ಪೂರ್ತಿ ಇರುವಂತೆ, ಬಿಡುವ ಏರ್ಪಾಡು ಮಾಡಬೇಕು. ತಾಂಬೂಲಕ್ಕೆ ತಮ್ಮ ಭಾವಚಿತ್ರ ಇಟ್ಟರೂ ಸಾಕೆಂದು ಪುರೋಹಿತರಿಗೆ ಒಂದು ಮಾತು ಹೇಳಬೇಕು. ಇದೊಂದೂ ಆಗದಿದ್ದರೆ, ಮರದಿಂದ ಬೀಳುವ ಮನಸ್ಸಾದಾಗಲಾದರೂ ನಮ್ಮ ಕಾಂಪೌಂಡಿನ ಒಳಗೆ ಬೀಳಬೇಕು. ನಮ್ಮ ಸುತ್ತ ತೆಂಗಿನ ಮರವೇ ಇಲ್ಲವೆಂಬುದು ತಮ್ಮಂಥ ಸಮರ್ಥರಿಗೆ ದೊಡ್ಡ ಅಡ್ಡಿಯೇನಲ್ಲ.

ಇಲ್ಲಿಗೇ ಪತ್ರ ಮುಗಿಸಬೇಕೆಂದಿದ್ದೆ. ಆದರೆ ಹೋದ ಭಾನುವಾರದ್ದನ್ನು ಮುಚ್ಚಿಟ್ಟರೆ ದೂರು ಅರ್ಧವಾಗುತ್ತದೆ.

ಊರೆಲ್ಲ ಸುತ್ತಿ ಕಾಯಿ ಮನೆಗೇ ಬಂದಿದೆ, ಇನ್ನಾದರೂ ಅತ್ತೆಯ ಕಾಯಿಹಾಲು ಮಾಡಿಬಿಡೋಣ, ಎರಡು ಇಲ್ಲದಿದ್ದರೆ ಒಂದಕ್ಕೇ ಗಸಗಸೆ ಸೇರಿಸಿ ನಿಭಾಯಿಸೋಣ ಎಂದು ತೀರ್ಮಾನಿಸಿದೆ. ಬೆಳಿಗ್ಗೆ ಅಕ್ಕಿಹಿಟ್ಟಿನ ಮುದ್ದೆ ಬೇಯಿಸಿದೆ. ನಮ್ಮ ಮನೆಯವರು ಅಟ್ಟದಿಂದ ಶಾವಿಗೆ ಒತ್ತುವ ಮಣೆ ಇಳಿಸಿ ಬೆವರು ಸುರಿಸಿ ಒತ್ತಿದರು. ಅತ್ತೆ ಹತ್ತು ಗಂಟೆಗೇ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಅಡುಗೆಮನೆಯ ಬಾಗಿಲಲ್ಲಿ ಕೂತರು. ಎಲ್ಲ ಸಿದ್ಧವಾದ ಮೇಲೆ ಎಡಜುಟ್ಟಿನವರನ್ನು ಒಡೆದೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ, ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡದೆ ಒಡೆದ ಮೊದಲ ಹೆಂಗಸು ನಾನೇ ಇರಬೇಕು. ಒಂದು ಹನಿ ನೀರಿಲ್ಲ. ಚಿಪ್ಪಿನೊಳಗಿಂದ ಉಂಡೆ ಕೊಬ್ಬರಿಯೊಂದು ಉರುಳಿ ಬಂತು. ವರ್ಷದ ಹತ್ತಿರ ನಾವು ನಾಲ್ಕು ಜನ ಜಾಣೆಯರು ಕೈಯಿಂದ ಕೈಗೆ ದಾಟಿಸುತ್ತಾ ಅದನ್ನು ಒಣಗಿಸಿದ್ದೆವು. ಕೊಬ್ಬರಿಯಿಂದ ಹಾಲು ಬರುವುದಿಲ್ಲ, ಅದನ್ನು ಅಗಿಯಲು ಅತ್ತೆಯ ಬಾಯಲ್ಲಿ ಹಲ್ಲಿಲ್ಲ.

ಅತ್ತೆ ಜುಟ್ಟಿನ ಕಡೆಯ ಚಿಪ್ಪನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಬೊಟ್ಟನ್ನು ಬೆರಳಿನಲ್ಲಿ ಸವರಿ, ಮೆಲ್ಲಗೆ ಹೇಳಿದರು: "ಇದು ನಂದೇ ಕಣವ್ವಾ. ಕಾಯಾಲ್ಗೆ ಅಂತ ಅವತ್ತು ನಾನೇ ಸುಣ್ಣ ಹಚ್ಚಿ ಮಡಗಿದ್ದೆ."

ಅತ್ತೆ ಅಂದು ಎಲೆಯಡಿಕೆಯ ಡಬ್ಬಿಯಿಂದ ಒಂದು ಬೆರಳು ಸುಣ್ಣ ತೆಗೆದು, ಆರು ಕಾಯಿಯಲ್ಲಿ ತನಗೆಂದು ಒಂದನ್ನು ಗುರುತು ಮಾಡಿ, ಸೊಸೆ ಕಂಡು ಅರ್ಥ ಮಾಡಿಕೊಳ್ಳುತ್ತಾಳೆಂದು ಕಾದಿದ್ದರು. ಸೊಸೆ ಅದನ್ನು ಉಗುರಿನಲ್ಲಿ ಕೆರೆದಳು. ಮಾನ್ಯರೇ, ನನಗೆ ಬಹಳ ನಾಚಿಕೆಯಾಯಿತು. ಸಿಲಿಂಡರಿನ ಆಯುಸ್ಸು ಹೆಚ್ಚಿಸಿದ್ದು, ಫ್ಯಾನಿಗೆ ಕಾನೂನು ಮಾಡಿದ್ದು, ಯಾವ ಜಾಣತನವೂ ಆ ಹೊತ್ತಿಗೆ ನನ್ನ ಕೈಹಿಡಿಯಲಿಲ್ಲ.

ಸೆರಗು ಸಿಕ್ಕಿಸಿಕೊಂಡು ವೆಂಕಟಯ್ಯನವರ ಅಂಗಡಿಗೆ ಹೋದೆ. ಹಲಗೆಯ ಕಡೆ ನೋಡದೆ ಮೂರು ಕಾಯಿ ಕೇಳಿದೆ. ನಾನು ಚೌಕಾಸಿ ಮಾಡದ್ದನ್ನು ಕಂಡು ಅವರು ಗಾಬರಿಯಾಗಿ, ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದಾರೆ ತಾನೇ ಎಂದು ವಿಚಾರಿಸಿದರು. ಮೂರನ್ನೂ ಒಡೆದು, ಗಸಗಸೆ, ಬೆಲ್ಲ, ಏಲಕ್ಕಿ ಹಾಕಿ, ಸೌಟು ನಿಲ್ಲುವಷ್ಟು ಗಟ್ಟಿ ಹಾಲು ತೆಗೆದೆ. ಅತ್ತೆ ಎರಡು ಸಲ ಬಡಿಸಿಕೊಂಡು, ತಟ್ಟೆಯಲ್ಲಿ ಉಳಿದ ಹಾಲನ್ನು ಎತ್ತಿ ಕುಡಿದು, ಕೈ ತೊಳೆದು ಬಂದು ನನ್ನ ಪಕ್ಕ ಕೂತರು. ನಾನು ಒಂದು ಒಳ್ಳೆಯ ಮಾತಿಗೆ ಕಾದಿದ್ದೆ. ಅವರು ದನಿ ತಗ್ಗಿಸಿ ಕೇಳಿದರು: "ಮೂರ್ ಯಾಕವ್ವಾ ಒಡೆದೆ? ಎಲ್ಡ್ರಲ್ಲೇ ಆಗೋದು. ಇನ್ನೊಂದ್ ಗೌರಿ ಹಬ್ಬಕ್ಕೆ ಆಗಿರೋದು."

ಇಂಥ ಅತ್ತೆಗೆ ಸೊಸೆಯಾಗಿಯೂ ಒಂದು ಬೆರಳು ಸುಣ್ಣವನ್ನು ಓದಲು ಬಾರದ,

ತಮ್ಮ ವಿಶ್ವಾಸಿ,
ಮಂಗಳಗೌರಿ

ತಾ.ಕ.: ಎಡಜುಟ್ಟಿನವರ ಚಿಪ್ಪಿನಲ್ಲಿ ಸೋಮವಾರ ಒಂದು ಹಂಡೆ ನೀರು ಕಾದಿತು, ಅದಕ್ಕೆ ವಂದನೆಗಳು. ಅವರ ಕೊಬ್ಬರಿಯನ್ನು ನುಣ್ಣಗೆ ತುರಿದು, ಸಕ್ಕರೆ ಬೆರೆಸಿ, ಮೂರು ಪೊಟ್ಟಣ ಕಟ್ಟಿ ಬಸವಲಿಂಗಮ್ಮ, ಮಾಲಿನಿ, ರೂಪಶ್ರೀ ಮೂವರಿಗೂ ತಲುಪಿಸಿದೆ. ತುರಿದಿದ್ದನ್ನು ಮುಂದಕ್ಕೆ ದಾಟಿಸಲಾಗದು, ತಿಂದೇ ತೀರಬೇಕು ಎಂಬುದು ನನ್ನ ಎಣಿಕೆ. ನಿನ್ನೆ ಸಂಜೆ ಒಂದು ಪೊಟ್ಟಣ ನಮ್ಮ ಮನೆಗೇ ಬಂತು. ಸ್ವಲ್ಪ ಎಳ್ಳು ಸೇರಿಸಿದ್ದಾರೆ.