ನಿಯಾನ್ ದೀಪಗಳ ದಿಗ್ವಿಜಯ

ಬಟ್ಟೆಯನ್ನು ಲೀಲಾಜಾಲವಾಗಿ ಭೇದಿಸಿ ಲೋಹಕ್ಕೆ ಮಾತ್ರ ಮಣಿಯುವ, ಮಾನವನೇತ್ರಕ್ಕೆ ಅಗೋಚರವಾದ ಮಿಲಿಮೀಟರ್ ತರಂಗಗಳಿಗೆ ನಮಿಸಿ, ವಿದೇಶದಿಂದ ಬಂದ ಯಂತ್ರವೇ ಯಂತ್ರವೆಂದು ವಿಭಾಗಮುಖ್ಯಸ್ಥರು ನಂಬಿದ್ದ ಆ ಘನಯುಗದಲ್ಲಿ, ಗದಗಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಡೆದ ಮಹಾಸಮರವನ್ನು ಅರುಹುತ್ತೇನೆ.

ಸಮರಕ್ಕೆ ಕಾರಣ ಕಪಾಟಿನ ಕೀಲಿಕೈ. ಅದು ಕಾಣೆಯಾಗಿ ಮೂರು ದಿನವಾಗಿತ್ತು. ಮೆಮೊಪ್ರಯೋಗಪ್ರಚಂಡರೂ ಸರ್ವಋತುಕೋಟುಧಾರಿಗಳೂ ಆದ ಮುಖ್ಯಸ್ಥ ಗದಿಗೆಪ್ಪ ಮೇಟಿಯವರು, ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಮಸೂರವನ್ನೂ ಒಡೆಯದ ಜವಾನ ಲಾಲಸಾಬನ ಮೇಲೆ ಅಪರಾಧ ಹೊರಿಸಿ, ಅವನ ನಿವೃತ್ತಿಗೆ ಆರೇ ತಿಂಗಳಿರುವಾಗ ಅಮಾನತಿನ ಮೆಮೊ ಎಂಬ ಅಸ್ತ್ರವನ್ನು ಝಳಪಿಸಿದರು. ಲಾಲಸಾಬ ಊಟ ಬಿಟ್ಟ. ಎಲ್ಲರ ಚೀಲ, ಜೇಬುಗಳ ಶೋಧವಾಯಿತು. ಮುಖ್ಯಸ್ಥರ ಕೋಟನ್ನು ಮುಟ್ಟುವ ಎದೆ ಮಾತ್ರ ಯಾರಿಗೂ ಇರಲಿಲ್ಲ.

ಆಗ ಎದ್ದರು ಬೆಸುಗೆಧೂಮಧೂಸರಿತಹಸ್ತೆಯಾದ ಉಪನ್ಯಾಸಕಿ ಅನ್ನಪೂರ್ಣಾ ಇಟಗಿ. ಸ್ವಿಚ್‌ಬೋರ್ಡಿನಲ್ಲಿ ಮಿಣುಕುವಂಥ ಅಗ್ಗದ ಅರವತ್ತನಾಲ್ಕು ನಿಯಾನ್ ದೀಪಗಳೇ ಆಕೆಯ ಚತುರಂಗಬಲ. ತರಂಗ ತಾಗಿದರೆ ದೀಪದೊಳಗಿನ ವಿದ್ಯುತ್ತು ಕೊಂಚ ಏರುಪೇರಾಗುತ್ತದೆ. ಅದನ್ನಳೆದು ಪರದೆಯ ಮೇಲೆ ಚಿತ್ರ ಮೂಡಿಸುವ ವಿದ್ಯೆ ಆಕೆಗೆ ಒಲಿದಿತ್ತು. ಆ ದೀಪಗಳಿಂದ ತಾವೇ ಕಟ್ಟಿದ ಯಂತ್ರವನ್ನು ಕೀಲಿಕೈಯ ಶೋಧದಲ್ಲಿ ಪರೀಕ್ಷಿಸಬೇಕೆಂದು ಆಕೆ ವಿನಯದಿಂದ ಕೇಳಿಕೊಂಡರು.

ಮೇಟಿಯವರು ಮೇಘಗಂಭೀರಧ್ವನಿಯಲ್ಲಿ, "ನನ್ನ ಕೋಟ ಇಲ್ಲೇ ತೂಗಹಾಕತೀನಿ. ಒಳಗ ಏನೈತಿ ಅಂತ ನಿಮ್ಮ ಮಿಣುಕುಹುಳ ಹೇಳಲಿ. ಹೇಳಲಿಲ್ಲಂದ್ರ ಕಸದಬುಟ್ಟಿಗೆ ಹಾಕ್ರಿ" ಎಂದರು.

"ಹೇಳಿದ್ರ ಲಾಲಸಾಬನ ಮೆಮೊ ಹರೀತೀರೇನ್ರಿ ಸರ?"

ಇಡೀ ವಿಭಾಗದ ಎದುರು ಮುಖ್ಯಸ್ಥರು ಒಪ್ಪಿದರು.

ಕೋಟಿನ ಹಿಂದೆ ತರಂಗಜನಕ, ಮುಂದೆ ದೀಪಸೇನೆ. ಇಪ್ಪತ್ತು ನಿಮಿಷ ಆ ಸೇನೆ ಕೋಟನ್ನು ಅಂಗುಲ ಅಂಗುಲವಾಗಿ ಶೋಧಿಸಿತು. ಪರದೆಯ ಮೇಲೆ, ಎದೆಜೇಬಿನಲ್ಲಿ ಒಂದು ಕಪ್ಪು ಪಟ್ಟೆ ಮೂಡಿತು. ಅದು ತಮ್ಮ ಸ್ಟೀಲ್ ಬಾಚಣಿಗೆಯೆಂದು ಮೇಟಿಯವರು ಬಿಗುಮಾನದಿಂದ ಒಪ್ಪಿಕೊಂಡರು. ಆಮೇಲೆ, ಜೇಬೇ ಇಲ್ಲದ ಕೆಳಅಂಚಿನಲ್ಲಿ ಬೆರಳುದ್ದದ ಇನ್ನೊಂದು ನೆರಳು ಮೂಡಿತು. ಅದು ಯಂತ್ರದ ದೋಷವೆಂದರು ಮೇಟಿಯವರು. ಇಟಗಿಯವರು ಕೋಟಿನ ಪಕ್ಕದ ಜೇಬಿಗೆ ಕೈಯಿಟ್ಟರು. ಅದರ ತಳ ಹರಿದಿತ್ತು. ಆ ತೂತಿನಿಂದ ಅಸ್ತರಿನೊಳಗೆ ಮೊಣಕೈವರೆಗೆ ಇಳಿದ ಕೈ, ಕೀಲಿಕೈಯನ್ನು ಹಿಡಿದು ಮೇಲೆದ್ದಿತು.

ಲಾಲಸಾಬ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ. ದರ್ಜಿಯ ಹೊಲಿಗೆ ಸರಿಯಿಲ್ಲವೆಂದು ಘೋಷಿಸಿ ಮೇಟಿಯವರು ಮೆಮೊ ಹರಿದರು. ಕ್ಷಮೆಯ ಮಾತು ಅವರ ಬಾಯಿಂದ ಬರಲಿಲ್ಲ.

ಮೂರು ದಿನ ಮುಚ್ಚಿದ್ದ ಕಪಾಟು ಸಕಲರ ಸಮಕ್ಷಮದಲ್ಲಿ ತೆರೆಯಿತು. ಒಳಗಿದ್ದದ್ದು ಅರ್ಧ ಡಬ್ಬಿ ಚಾಕ್‌ಪೀಸು. ಮೇಟಿಯವರು ಒಂದು ತುಂಡು ತೆಗೆದುಕೊಂಡು ತರಗತಿಯತ್ತ ಹೊರಟರು.

ಲಾಲಸಾಬ ಸಾಮಾನಿನ ರಿಜಿಸ್ಟರು ಹಿಡಿದು ಬಾಗಿಲಲ್ಲಿ ಅಡ್ಡ ನಿಂತ. "ಸರ, ಒಂದು ತುಂಡಿಗೆ ಸಹಿ ಮಾಡ್ರಿ."

ಮಾಡಿದರು.